ನಮ್ಮ ಮಹಡಿ ಮೇಲಿನ ಇಪ್ಪತ್ತನೇ ಶತಮಾನ

ನನ್ನ ಕೈಯಲ್ಲಿ ಇದು ಆಗುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಆಲೂರಿನಲ್ಲಿ ಕಾಫಿಪುಡಿ ಅಂಗಡಿ ಹಾಕುತ್ತೇನೆ ಎಂದಾಗ, "ಆರು ತಿಂಗಳು ಕಣಮ್ಮ, ಆಮೇಲೆ ಬಾಗಿಲು" ಎಂದಿದ್ದರು. ಅಂಗಡಿ ನಿಂತಿತು. ಇಪ್ಪತ್ತು ವರ್ಷವಾದ ಮೇಲೆ ಅದೇ ಅಂಗಡಿಯ ಮಹಡಿಯಲ್ಲಿ, ಭಾನುವಾರ ಮಧ್ಯಾಹ್ನ, ವಯಸ್ಸಾದವರು ಕೂತು ಇಪ್ಪತ್ತನೇ ಶತಮಾನದ ಇತಿಹಾಸ ಮತ್ತು ವಿಚಾರಗಳನ್ನು ಓದಿ ಚರ್ಚಿಸುವ ಗೋಷ್ಠಿ ನಡೆಸುತ್ತೇನೆ ಎಂದು ಬೋರ್ಡು ಬರೆಸಿದೆ. ಭಾವ ಬೋರ್ಡಿನ ಕೆಳಗೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ಏಳನೇ ಕ್ಲಾಸು ದಾಟ್ದೇ ಇರೋಳು ಇಪ್ಪತ್ತನೇ ಶತಮಾನ ದಾಟಿಸ್ತಾಳಂತೆ ಕಣ್ರೀ!"

"ನೀವು ದಾಟಿ ಬಂದಿದ್ದೀರಲ್ಲ ಭಾವ, ಏನೇನು ನೋಡಿದ್ರಿ ಮೇಲೆ ಬಂದು ಹೇಳಿ" ಎಂದೆ. ಅವರು ಛತ್ರಿ ಬಿಚ್ಚಿಕೊಂಡು ಹೊರಟುಹೋದರು. ಅವತ್ತು ಮಳೆ ಇರಲಿಲ್ಲ.

ಅಂದಿನಿಂದ ಆ ಮಹಡಿಯ ಮೇಲೆ ಇಂಥದ್ದು ಏನಾದರೊಂದು ನಡೆಯುತ್ತಲೇ ಇದೆ. ನಡೆದಾಗ ಎಲ್ಲರೂ ನಕ್ಕಿದ್ದಾರೆ, ನಾನು ಮಾತ್ರ ತಡವಾಗಿ ನಕ್ಕಿದ್ದೇನೆ. ಕೆಲವಕ್ಕೆ ಇನ್ನೂ ನಕ್ಕಿಲ್ಲ. ಪ್ರತಿಯೊಂದರಲ್ಲೂ ಒಬ್ಬಳು ಬರುತ್ತಾಳೆ, ನನ್ನ ಅಂಗಡಿಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದವಳು. ಹುಡುಗಿಯರಾಗಿದ್ದಾಗ ನಾವಿಬ್ಬರೂ ಒಂದೇ ಎಸ್ಟೇಟಿನಲ್ಲಿ, ಒಂದೇ ಸಾಲಿನಲ್ಲಿ ಹಣ್ಣು ಕುಯ್ದವರು. ಅಂಗಡಿ ಶುರುವಾದ ದಿನ ಹುರಿಯುವ ಡ್ರಮ್ಮಿನ ಇನ್ನೊಂದು ತುದಿ ಹಿಡಿದು ಒಳಗೆ ತಂದವಳು ಅವಳೇ. ಈಗ ಅವಳು ಅಂಗಡಿಯಲ್ಲಿಲ್ಲ. ಅದು ಹೇಗಾಯಿತು ಎಂದು ಕೇಳುವವರಿಗೆ ನಾನು ಹೇಳುವುದು ಈ ನಗೆಯ ಸಂಗತಿಗಳನ್ನೇ.

ಪುಟ ಎಷ್ಟು?

ನಾನು ಓದು ಕಲಿತದ್ದು ಒಂದು ಬೀರುವಿನಿಂದ. ಬಿಸಿಲೆ ರಸ್ತೆಯ ಹಳೇ ಬಂಗಲೆಯೊಂದನ್ನು ಖಾಲಿ ಮಾಡುವಾಗ ಮೆಣಸು ತುಂಬಿಡಲು ಬೇಕೆಂದು ಅದನ್ನು ಕೊಂಡೆ. ತೆಗೆದರೆ ಒಳಗೆ ತುಂಬ ಪುಸ್ತಕ. ಮೆಣಸು ಮೂಟೆಯಲ್ಲೇ ಉಳಿಯಿತು. ಹನ್ನೆರಡು ವರ್ಷ ಆ ಬೀರುವನ್ನು ಓದಿದೆ. ಇಂಗ್ಲಿಷಿನವನ್ನು ಡಿಕ್ಷನರಿ ಇಟ್ಟುಕೊಂಡು, ದಿನಕ್ಕೆ ಎರಡು ಪುಟ.

ಒಮ್ಮೆ ಊರಿನ ಸಭೆಯೊಂದರಲ್ಲಿ ಎದ್ದು ನಿಂತು ಮಹಾಯುದ್ಧದ ಬಗ್ಗೆ ಒಂದು ಮಾತು ಹೇಳಿದೆ. ವೇದಿಕೆಯ ಮೇಲಿದ್ದ ಮೇಷ್ಟರು ಕನ್ನಡಕದ ಮೇಲಿಂದ ನೋಡಿ, "ಯಾವ ಪುಸ್ತಕಮ್ಮ? ಪುಟ ಎಷ್ಟು?" ಎಂದರು. ಪುಸ್ತಕದ ಹೆಸರು ಬಂತು, ಪುಟ ಬರಲಿಲ್ಲ. ಜನ ನಕ್ಕರು.

ಆ ನಗು ನನ್ನ ಹೊಟ್ಟೆಯೊಳಗೆ ಉಳಿದುಬಿಟ್ಟಿತ್ತು. ಗೋಷ್ಠಿ ಶುರುವಾದ ಮೊದಲ ದಿನವೇ ಗೋಡೆಯ ಮೇಲೆ ಬರೆಸಿದೆ: "ಪುಟ ಸಂಖ್ಯೆ ಹೇಳದೆ ಯಾರೂ ಮಾತನಾಡಬಾರದು."

ಬಂದವರು ಹದಿನಾಲ್ಕು ಜನ. ಅವರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬರು ಎಸ್ಟೇಟಿನಲ್ಲಿ ನಲವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ಇನ್ನೊಬ್ಬರು ಹೊಂಗಡಹಳ್ಳದ ಕಡೆಯ ದೊಡ್ಡ ತೋಟದ ಮಾಲೀಕರು. ಆ ರೈಟರ್ ಕೆಲಸ ಮಾಡಿದ್ದು ಇವರ ತಂದೆಯ ಕೈಕೆಳಗೆ.

ನಿಯಮವನ್ನು ರೈಟರ್ ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ ಎರಡನೇ ವಾರ ಕೈಯೆತ್ತಿ, "ಅಮ್ಮಾ, ಸೆಖೆ ಜಾಸ್ತಿ ಐತೆ, ಕಿಟಕಿ ತೆಗೀಬೇಕು, ಪುಟ ನೂರಾ ಹನ್ನೆರಡು" ಎಂದರು. ತೋಟದ ಮಾಲೀಕರು ಬಚ್ಚಲಿಗೆ ಹೋಗಲು ಎದ್ದರೆ ಹಿಂದಿನ ಬೆಂಚಿನಿಂದ ಯಾರೋ, "ಪುಟ ಹೇಳಿ ಹೋಗಿ ಸಾರ್" ಎಂದು ಕೂಗಿದರು.

ಹುರಿಯುವವಳು ಮೆಟ್ಟಿಲ ಮೇಲೆ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಓದು ಬರದು. ಅಂದು ಮಾತು ಬಂದದ್ದು ಯುದ್ಧದಲ್ಲಿ ಊರು ಬಿಟ್ಟು ಓಡಿದವರದ್ದು. "ಅಕ್ಕಾ, ನಮ್ಮೂರು ಮುಳುಗ್ದಾಗ್ಲೂ..." ಎಂದು ಶುರು ಮಾಡಿದಳು.

"ಪುಟ ಎಷ್ಟೇ?" ಎಂದೆ.

ಅವಳು ತಟ್ಟೆ ನೋಡಿದಳು. "ಹದಿನಾಲ್ಕು ಲೋಟ ಐತೆ ಕಣಕ್ಕ, ಪುಟ ಗೊತ್ತಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳ ಊರು ಹೇಮಾವತಿಯ ಹಿನ್ನೀರಿನಲ್ಲಿ ಹೋದದ್ದು ನನಗೆ ಗೊತ್ತಿತ್ತು. ನೀರು ಬಂದ ದಿನ ಏನಾಯಿತು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಹಣ್ಣು ಕುಯ್ಯುವಾಗ ಎಷ್ಟೋ ಸಲ ಹೇಳಲು ಬಂದಿದ್ದಳು, ಸಾಲು ಮುಗಿಸುವ ಆತುರದಲ್ಲಿ ನಾನು ಕೇಳಿರಲಿಲ್ಲ. ಅಂಗಡಿಯಲ್ಲಿ ಡ್ರಮ್ಮಿನ ಸದ್ದು. ಈಗ ಗೋಷ್ಠಿಯಲ್ಲಿ ನಿಯಮ.

ಅರ್ಧ ದಿನ

ಯಾರೂ ಹೇಳದೆ ರೈಟರ್ ನಮ್ಮಲ್ಲೂ ಹಾಜರಿ ಬರೆಯಲು ಶುರು ಮಾಡಿದರು. ಕೈಗೆ ಅಭ್ಯಾಸವಾದದ್ದು, ಬಿಡಲಿಲ್ಲ. ಎರಡು ಗಂಟೆಗೆ ಬಂದವರಿಗೆ ಪೂರ್ತಿ ದಿನ, ತಡವಾದವರಿಗೆ ಅರ್ಧ ದಿನ. ತೋಟದ ಮಾಲೀಕರು ಒಂದು ದಿನ ಜೀಪು ಕೆಟ್ಟು ಮೂರಕ್ಕೆ ಬಂದರು. ರೈಟರ್ ತಲೆ ಎತ್ತದೆ "ಅರ್ಧ" ಎಂದು ಬರೆದರು. ಮಾಲೀಕರು ಬಗ್ಗಿ ನೋಡಿ, "ಏನ್ರೀ ಇದು, ನನಗೂ ಅರ್ಧನಾ?" ಎಂದರು.

ಸಂಜೆ ಎಲ್ಲರೂ ಹೋದ ಮೇಲೆ ರೈಟರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆ ಮನೆತನಕ್ಕೆ ಒಂದು ಅರ್ಧ ಹಾಕೋಕೆ ನಲವತ್ತು ವರ್ಷ ಕಾದಿದ್ದೆ ಅಮ್ಮ."

ಮುಂದಿನ ವಾರದ ವಿಷಯ ಎಂಟು ಗಂಟೆಯ ಕೆಲಸ. ದೇಶದೇಶದ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂದು ಹೇಗೆ ಹೋರಾಡಿದರು ಎಂದು ನಾನು ಎರಡು ಗಂಟೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಕೊನೆಗೆ ಕಾಫಿ ತಂದವಳು ರೈಟರ್ ಪಕ್ಕ ನಿಂತು, "ಸ್ವಾಮಿ, ನಂದೂ ಬರ್ಕೊಳ್ಳಿ. ಬೆಳಿಗ್ಗೆ ಏಳಕ್ಕೆ ಡ್ರಮ್ ಹಚ್ಚಿದೆ. ಈಗ ಎಷ್ಟಾಯ್ತು?" ಎಂದಳು.

ರೈಟರ್ ಗಡಿಯಾರ ನೋಡಿ, ಬೆರಳು ಮಡಿಸಿ, "ಒಂಬತ್ತು ಗಂಟೆ" ಎಂದರು.

ಬೆಂಚುಗಳು ಅಲುಗಾಡುವ ಹಾಗೆ ನಗು. ತೋಟದ ಮಾಲೀಕರು, "ಮೇಡಂ, ನಮ್ಮಲ್ಲಾಗಿದ್ರೆ ಇಷ್ಟೊತ್ತಿಗೆ ಸ್ಟ್ರೈಕು" ಎಂದರು. "ನಾನೂ ಬೆಳಿಗ್ಗೆ ಏಳರಿಂದ ಇಲ್ಲೇ ಇದ್ದೀನಿ, ನಾನೂ ಕೆಲಸ ಮಾಡಿದೀನಿ" ಎಂದೆ.

"ಹೌದಕ್ಕ" ಎಂದಳು ಅವಳು. "ಆದ್ರೆ ನೀನು ಕೂತ್ಕಂಡು ಮಾಡ್ದೆ."

ಮುಂದಿನ ಭಾನುವಾರದಿಂದ ಅವಳಿಗೆ ಡ್ರಮ್ಮಿನ ಕೆಲಸ ಬಿಡಿಸಿದೆ. ಬಂದು ಕೂತು ಕೇಳು ಎಂದೆ. ಮಾತನಾಡು ಎನ್ನಲಿಲ್ಲ.

ಎಷ್ಟು ಸೆಂಟು?

ಹಾಸನದಿಂದ ಒಬ್ಬ ಉಪನ್ಯಾಸಕರನ್ನು ಕರೆಸಿದ್ದೆ. ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಎರಡು ದೊಡ್ಡ ದೇಶಗಳು ಯುದ್ಧ ಮಾಡದೆಯೇ ನಲವತ್ತು ವರ್ಷ ಒಂದನ್ನೊಂದು ಹೆದರಿಸಿದ ಕಥೆಯನ್ನು ಹೇಳಲು ಬಂದಿದ್ದರು. ತಿಂಗಳು ಮಾರ್ಚಿ. ಕಾಫಿ ನಾಡಿನಲ್ಲಿ ಮಾರ್ಚಿಯಲ್ಲಿ ಭಾಷಣ ಇಡಬಾರದು ಎಂದು ನನಗೆ ಹೊಳೆಯಬೇಕಿತ್ತು. ಕಾಫಿ ಹೂ ಅರಳಲು ಬೇಕಾದ ಮೊದಲ ಮಳೆ ಬರುವ ತಿಂಗಳು ಅದು. ಮಳೆ ಅಳೆಯುವುದು ಸೆಂಟಿನಲ್ಲಿ. ನೂರು ಸೆಂಟು, ಅಂದರೆ ಒಂದು ಇಂಚು, ಬಂದರೆ ವರ್ಷ ಗೆದ್ದ ಹಾಗೆ.

ಅವರು ಅಣುಬಾಂಬಿನ ತನಕ ಬಂದಿದ್ದರು. ಆಗ ಹಂಚಿನ ಮೇಲೆ ಟಪಟಪ ಎಂದಿತು. ತೋಟದ ಮಾಲೀಕರು ಎದ್ದು ಕಿಟಕಿಗೆ ಹೋದರು. ಅವರ ಹಿಂದೆ ಇನ್ನಿಬ್ಬರು. ನಿಮಿಷದಲ್ಲಿ ಹದಿನಾಲ್ಕು ಜನ ಮೆಟ್ಟಿಲ ಮೇಲೆ, ಹದಿನಾಲ್ಕು ಫೋನು ಕಿವಿಯಲ್ಲಿ. "ನಿಮ್ಮಲ್ಲಿ ಎಷ್ಟು ಸೆಂಟು?" "ಅಯ್ಯೋ, ನಮ್ಮಲ್ಲಿ ಬರೀ ಇಪ್ಪತ್ತು ಮಾರಾಯ!" "ಬಿಸಿಲೆ ಕಡೆ ಎಂಬತ್ತಂತೆ ಕಣೋ!" ನಾನು ಬೀದಿಗೆ ಇಳಿದು, "ವಾಪಸ್ ಬನ್ನಿ, ಇನ್ನೂ ಗೋಡೆ ಕಟ್ಟಿಲ್ಲ, ಆಮೇಲೆ ಅದು ಬೀಳಬೇಕು!" ಎಂದು ಕೂಗಾಡಿದೆ. ಮಳೆಯಲ್ಲಿ ನೆಂದು ಮುದ್ದೆಯಾದೆ. ಒಬ್ಬರೂ ಹಿಂದಿರುಗಲಿಲ್ಲ. ಜೀಪು, ಬೈಕು, ಆಟೋ ಎಲ್ಲ ತೋಟದ ಕಡೆಗೆ.

ಮೇಲೆ ಉಪನ್ಯಾಸಕರು ಒಬ್ಬರೇ, ಎದುರಿಗೆ ನಮ್ಮ ಹುರಿಯುವವಳು. ಇದನ್ನು ಆಮೇಲೆ ಅವರೇ ನನಗೆ ಹೇಳಿದರು. "ನೀವು ಹೋಗಲ್ವಾ ಅಮ್ಮ? ನಿಮಗೆ ಜಮೀನಿಲ್ವಾ?" ಎಂದು ಕೇಳಿದರಂತೆ.

"ಐತೆ ಸ್ವಾಮಿ. ನೀರಿನ ತಳದಾಗೈತೆ. ಅದುಕ್ಕೆ ಮಳೆ ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ."

ನಾನು ತಲೆ ಒರೆಸಿಕೊಂಡು ಮೇಲೆ ಬರುವ ಹೊತ್ತಿಗೆ ಒಂದು ಗಂಟೆ ದಾಟಿತ್ತು. ಉಪನ್ಯಾಸಕರು ಮುಂದಿನ ಬೆಂಚಿನಲ್ಲಿ ಕೂತಿದ್ದರು, ಅವಳು ಬೋರ್ಡಿನ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಅವಳು ಮಾತು ಬಿಟ್ಟು ಬೆಂಚು ಸರಿಮಾಡತೊಡಗಿದಳು. ಹೊರಡುವಾಗ ಅವರು ನನ್ನ ಕೈ ಮುಟ್ಟಿ, "ಇಷ್ಟು ಒಳ್ಳೆ ಗೋಷ್ಠಿ ನಾನು ಎಲ್ಲೂ ಕಂಡಿಲ್ಲ" ಎಂದರು.

ನಾನು ಅದನ್ನು ನನಗೆ ಹೇಳಿದ ಮಾತೆಂದುಕೊಂಡು ಮರುದಿನವೇ ಅಂಗಡಿ ಮುಂದೆ ಬರೆಸಿ ತೂಗುಹಾಕಿದೆ.

ಹೊಳೆ ಹತ್ತುತ್ತಾ ಐತೆ

ಶತಮಾನದ ದೊಡ್ಡ ವಿಚಾರಗಳಲ್ಲಿ ಅಣೆಕಟ್ಟೂ ಒಂದು. ದೇಶ ಕಟ್ಟುವುದು ಎಂದರೆ ನೀರು ಕಟ್ಟುವುದು ಎಂದು ಜನ ನಂಬಿದ್ದ ಕಾಲ. ಅದಕ್ಕೆ ಮೂರು ವಾರ ಓದಿದೆ. ದೊಡ್ಡ ಹಾಳೆಯ ಮೇಲೆ ನಮ್ಮ ಹೊಳೆಯನ್ನೇ ಬರೆದೆ. ಸಕಲೇಶಪುರ, ಆಲೂರು, ಕೆಳಗೆ ಅಣೆಕಟ್ಟು, ನೀಲಿ ಬಣ್ಣ, ಬಾಣದ ಗುರುತು.

ಆ ದಿನ ಹುರಿಯುವವಳು ತೊಳೆದಿಟ್ಟಿದ್ದ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಶುರುವಾಗುವ ಮೊದಲೇ ನನ್ನ ಹತ್ತಿರ ಬಂದು, "ಅಕ್ಕಾ, ಇವತ್ತು ನಾನೊಂದೀಟು ಹೇಳ್ಲಾ? ನೀರು ಬಂದ ದಿನದ್ದು?" ಎಂದಳು.

"ಮೊದಲು ಪುಸ್ತಕದ್ದು ಮುಗೀಲಿ. ನಿಂದು ಕೊನೆಗೆ."

ಹೇಳುತ್ತಾ ಹೋದೆ. ಅರ್ಧ ಗಂಟೆಯಾದ ಮೇಲೆ ಅವಳು ಕೈಯೆತ್ತಿದಳು. ನಾನು ನೋಡಲಿಲ್ಲ. ಮತ್ತೆ ಎತ್ತಿದಳು. "ಕೊನೆಗೆ ಅಂದ್ನಲ್ಲೇ" ಎಂದೆ.

"ಅದಲ್ಲಕ್ಕ. ನಿನ್ನ ಹಾಳೇಲಿ ಹೊಳೆ ಘಟ್ಟ ಹತ್ತುತ್ತಾ ಐತೆ."

ಅಭ್ಯಾಸ ನೋಡಿ. ನನ್ನ ಬಾಯಿಂದ ತಾನಾಗಿಯೇ ಬಂತು: "ಪುಟ ಎಷ್ಟು?"

ಮಹಡಿ ಹಾರಿಹೋಗುವಂಥ ನಗು. ರೈಟರ್ ಕಣ್ಣೊರೆಸಿಕೊಂಡರು. ತೋಟದ ಮಾಲೀಕರು ಎದ್ದು ಬಂದು, ಬಾಣದ ಗುರುತುಗಳನ್ನು ನೋಡಿ, ಹಾಳೆಯನ್ನು ಗೋಡೆಯಿಂದ ಬಿಚ್ಚಿ, ತಲೆಕೆಳಗಾಗಿ ತೂಗುಹಾಕಿದರು. "ಈಗ ಸರಿ ಮೇಡಂ. ಊರಿನ ಹೆಸರು ಓದೋಕೆ ನಾವು ತಲೆ ಕೆಳಗೆ ಮಾಡ್ತೀವಿ."

ಬಾಣಗಳನ್ನು ನಾನು ಅಣೆಕಟ್ಟಿನಿಂದ ಸಕಲೇಶಪುರದ ಕಡೆಗೆ ಬರೆದಿದ್ದೆ. ಹುಟ್ಟಿದಾಗಿನಿಂದ ನೋಡಿದ ಹೊಳೆ. ಸುಮ್ಮನೆ ನಕ್ಕು ಬಿಡಬಹುದಿತ್ತು. ನಾನು ಹಾಳೆಯನ್ನು ಮತ್ತೆ ಮೊದಲಿನ ಹಾಗೆ ತಿರುಗಿಸಿ, ಪಾಠ ಮುಂದುವರಿಸಿ, ಐದೂವರೆಯ ಬಸ್ಸಿಗೆ ಎಲ್ಲರೂ ಏಳುವ ತನಕ ನಿಲ್ಲಿಸಲಿಲ್ಲ. ಕೊನೆ ಎನ್ನುವುದು ಬರಲೇ ಇಲ್ಲ. ಅವಳು ಬೆಂಚು ಎತ್ತಿ ಗೋಡೆಗೆ ಸೇರಿಸುತ್ತಾ, "ಹೊಳೆನಾರ ಕೆಳಕ್ಕೆ ಇಳೀತದೆ, ನೀನು ಇಳಿಯಾಕಿಲ್ಲ ಕಣಕ್ಕ" ಎಂದಳು. ನಗುತ್ತಲೇ ಎಂದಳು, ಅದಕ್ಕೇ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಗೇವು

ಅದೇ ಬೇಸಿಗೆಯಲ್ಲಿ ಹಿನ್ನೀರು ತುಂಬ ಕೆಳಗೆ ಹೋಯಿತು. ಒಂದು ಭಾನುವಾರ ಎರಡು ಗಂಟೆಗೆ ಮಹಡಿಯ ಮೇಲೆ ನಾನೊಬ್ಬಳೇ. ಎರಡೂವರೆ ಆಯಿತು. ಕೆಳಗಿಳಿದು ನೋಡಿದರೆ ಬಾಗಿಲ ಚಿಲಕಕ್ಕೆ ಒಂದು ಚೀಟಿ. ರೈಟರ್ ಅಕ್ಷರ: "ಇಂದು ಎಲ್ಲಾ ಆಳುಗಳನ್ನೂ ಹೊರಗಿನ ಕೆಲಸಕ್ಕೆ ಕಳಿಸಲಾಗಿದೆ. ಜಾಗ: ಮುಳುಗಿದ ಊರು."

ಓದುತ್ತಿದ್ದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಆಟೋ ಹತ್ತಿದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ.

ನೀರು ಹಿಂದೆ ಸರಿದ ಬಯಲಿನಲ್ಲಿ ಬಿರಿದ ಕೆಸರು, ನಡುವೆ ಸಾಲುಸಾಲು ಅಡಿಪಾಯದ ಕಲ್ಲು. ಅಲ್ಲಿ ನನ್ನ ಗೋಷ್ಠಿ ಪೂರ್ತಿ ನಿಂತಿತ್ತು. ಎಲ್ಲರೂ ಬರಿಗಾಲಿನಲ್ಲಿ. ತೋಟದ ಮಾಲೀಕರು ಪ್ಯಾಂಟು ಮಡಿಸಿಕೊಂಡು ಎರಡು ಕೈಯಲ್ಲಿ ಎರಡು ಬೂಟು ಹಿಡಿದಿದ್ದರು. ಹುರಿಯುವವಳು ಹೊಸ್ತಿಲಿದ್ದ ಕಡೆ ಎಲ್ಲರಿಗೂ ಚಪ್ಪಲಿ ಬಿಡಿಸಿದ್ದಳು. ಗೋಡೆ ಇಲ್ಲ, ಸೂರಿಲ್ಲ, ಆದರೂ ಅವಳು ಬಾಗಿಲಿದ್ದಲ್ಲಿ ತಲೆ ತಗ್ಗಿಸಿಯೇ ಒಳಗೆ ಹೋಗುತ್ತಿದ್ದಳು. ಅವಳ ಹಿಂದೆ ಆರಡಿ ಎತ್ತರದ ಮಾಲೀಕರೂ ತಗ್ಗಿಸಿದರು.

ನಾನು ದಂಡೆಯಿಂದ ನೆಟ್ಟಗೆ ನಡೆದೆ.

"ಅಕ್ಕಾ, ಚಪ್ಪಲಿ! ನೀನು ನಿಂತಿರೋದು ದೇವರ ಮನೆ!" ಎಂದು ಕೂಗಿದಳು.

ಪಕ್ಕಕ್ಕೆ ಸರಿದೆ.

"ಆ ಕಡೆ ಬ್ಯಾಡ, ಅಲ್ಲಿ ಹಗೇವು ಐತೆ!" ಹಗೇವು ಎಂದರೆ ಮನೆಯವರು ರಾಗಿ ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಗುಂಡಿ.

"ಎಲ್ಲಿದೆ? ನನಗೇನೂ ಕಾಣ್ತಿಲ್ವಲ್ಲ" ಎಂದು ಇನ್ನೊಂದು ಹೆಜ್ಜೆ ಇಟ್ಟೆ.

ಸೊಂಟದ ತನಕ ಹೋದೆ. ಪುಸ್ತಕ ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ರೈಟರ್ ಓಡಿಬಂದು ಕೈ ಚಾಚಿದರು. ನಾನು ಅವರ ಕೈಗೆ ಪುಸ್ತಕ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಭದ್ರವಾಗಿ ಕಲ್ಲಿನ ಮೇಲಿಟ್ಟು, ಧೂಳು ಒರೆಸಿ, ಆಮೇಲೆ ನನ್ನ ಕಡೆ ಬಂದರು. ಮೂವರು ಸೇರಿ ಎಳೆದರು. ನಾನು ಬಂದೆ, ಎಡಗಾಲಿನ ಚಪ್ಪಲಿ ಬರಲಿಲ್ಲ. ತೋಟದ ಮಾಲೀಕರು ಬಗ್ಗಿ ಗುಂಡಿಯೊಳಗೆ ನೋಡಿ, "ಸಂಶೋಧನೆ ಅಂದ್ರೆ ಇದು ಮೇಡಂ, ಯಾವ ಪ್ರೊಫೆಸರೂ ಇಷ್ಟು ಆಳಕ್ಕೆ ಇಳಿದಿಲ್ಲ" ಎಂದರು.

ಹುರಿಯುವವಳು ನಗುವ ಭರಕ್ಕೆ ಒಲೆಯಿದ್ದ ಕಲ್ಲಿನ ಮೇಲೆ ಕೂತುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದ ಕಾಲದ ಆ ನಗುವನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅವಳ ಪಕ್ಕ ಕೂತು ನಗಬೇಕಿತ್ತು. ಹಗೇವಿನ ರಾಗಿ ಏನಾಯ್ತೇ ಎಂದು ಒಂದು ಮಾತು ಕೇಳಬೇಕಿತ್ತು. ನಾನು, ಸೊಂಟದಿಂದ ಕೆಸರು ಸುರಿಯುತ್ತಾ, ಕೇಳಿದ್ದು ಇದು: "ನನ್ನ ಕ್ಲಾಸನ್ನ ಇಲ್ಲಿಗೆ ಎಳ್ಕೊಂಡು ಬಾ ಅಂತ ನಿಂಗ್ಯಾರೇ ಹೇಳಿದ್ದು?"

ಅವಳ ನಗು ನಿಂತಿತು. "ನಿನ್ನ ಕ್ಲಾಸಲ್ಲ ಕಣಕ್ಕ. ಇದು ನಮ್ಮನೆ."

ನಾನು ಒಂದು ಚಪ್ಪಲಿಯಲ್ಲಿ ಆಟೋ ತನಕ ನಡೆದುಹೋದೆ. ಹಿಂದೆ ಅವರು ಮತ್ತೆ ಅವಳ ಸುತ್ತ ಕೂತದ್ದು ಕಾಣಿಸಿತು.

ಸೋಮವಾರ ಅವಳು ಬಂದಳು. ದಿನದ ಬೀಜ ಹುರಿದಳು, ಡ್ರಮ್ ಒರೆಸಿದಳು, ಬೀಗದ ಕೈ ಮೊಳೆಗೆ ಹಾಕಿದಳು. "ಸಕಲೇಶಪುರಕ್ಕೆ ಮಗಳ ಮನೆಗೆ ಹೋಯ್ತೀನಿ ಕಣಕ್ಕ" ಎಂದಳು. "ಯಾವಾಗ ಬರ್ತೀಯ?" ಎಂದೆ. ಸೆರಗು ಸರಿಮಾಡಿಕೊಂಡು ಬೀದಿಗೆ ಇಳಿದಳು.

ಗೋಡೆಯ ಮೇಲಿನ ನಿಯಮಕ್ಕೆ ಸುಣ್ಣ ಬಳಿಸಿದೆ. ನಾಲ್ಕು ತಿಂಗಳು ತಡೆದು, ಅರ್ಧ ಕೆಜಿ ಪುಡಿ ಕಟ್ಟಿಕೊಂಡು ಸಕಲೇಶಪುರಕ್ಕೆ ಹೋದೆ. ಅವಳು ಬಾಗಿಲಲ್ಲೇ ಪೊಟ್ಟಣ ಮೂಸಿ, "ಹೆಚ್ಚಿಗೆ ಹುರಿದವ್ರೆ" ಎಂದಳು. ಒಳಗೆ ಕೂರಿಸಿದಳು. ನಾನು ಗಂಟಲು ಸರಿಮಾಡಿಕೊಂಡು, "ನೀರು ಬಂದ ದಿನದ್ದು ಹೇಳು ಕಣೇ. ಕೇಳೋಕೇ ಬಂದಿದ್ದೀನಿ" ಎಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. "ಅಯ್ಯೋ, ಅದಾ? ಎಲ್ರಿಗೂ ಹೇಳಿ ಹೇಳಿ ಮುಗ್ದೋಯ್ತು ಕಣಕ್ಕ. ಈಗ ನಂಗೇ ಬ್ಯಾಸರ. ಧಾರಾವಾಹಿ ಟೈಮಾಯ್ತು, ನೋಡಾನ ಬಾ." ಇಬ್ಬರೂ ಪಕ್ಕಪಕ್ಕ ಕೂತು ಒಂದು ಗಂಟೆ ಅತ್ತೆ ಸೊಸೆಯರ ಜಗಳ ನೋಡಿದೆವು. ನಡುವೆ ಅವಳು ಎರಡು ಸಲ ನನಗೆ ಯಾರು ಯಾರಿಗೆ ಏನಾಗಬೇಕು ಎಂದು ಬಿಡಿಸಿ ಹೇಳಿದಳು. ನಾನು ಮೊದಲ ಸಲ ಅಡ್ಡ ಬಾಯಿ ಹಾಕದೆ ಕೇಳಿದೆ.

ಈಗ ಆಲೂರಿನಲ್ಲಿ ಮಹಡಿ ಇರುವ ಕಟ್ಟಡ ನನ್ನದು. ಎರಡು ಡ್ರಮ್ಮು, ಒಂದು ಬೀಸುವ ಮಿಷನ್, ಐದು ಬೀರು ಪುಸ್ತಕ, ಭಾನುವಾರ ತುಂಬುವ ಏಳು ಬೆಂಚು, ಎಲ್ಲ ನನ್ನದೇ. ಯಾರ ಹಂಗೂ ಇಲ್ಲ. ಇಷ್ಟಕ್ಕೆ ನಾನು ತೆತ್ತದ್ದು ಒಂದು ದಿನದ ಕಥೆ. ರೈಟರಿಗೆ ಅದು ಗೊತ್ತು, ತೋಟದ ಮಾಲೀಕರಿಗೆ ಗೊತ್ತು, ಹಾಸನದ ಆ ಹುಡುಗ ಮೇಷ್ಟರಿಗೂ ಗೊತ್ತು. ಆ ಮಹಡಿ ಹತ್ತಿದವರಲ್ಲಿ ಅದನ್ನು ಕೇಳದೆ ಉಳಿದವಳು ನಾನೊಬ್ಬಳೇ.